ಬೀಗರಿಗೆ ಲಾಡ್ಜು ಹಿಡಿದದ್ದು

ತುಮಕೂರು, ಕುಣಿಗಲ್ ಕಡೆಯ ಲಾಡ್ಜುಗಳ ಸುದ್ದಿ ನನ್ನ ಹತ್ತಿರ ಎತ್ತಬೇಡಿ. ತೊಂಬತ್ತರ ದಶಕದಲ್ಲಿ ಎಂಟು ವರ್ಷ, ಬಿತ್ತನೆ ಬೀಜದ ಕಂಪನಿಯೊಂದರ ಸೇಲ್ಸ್ ರೆಪ್ ಆಗಿ ಆ ದರಿದ್ರ ಕೋಣೆಗಳಲ್ಲಿ ಬಿದ್ದುಕೊಂಡಿದ್ದವನು ನಾನು. ಅಮ್ಮ ಮತ್ತು ತಂಗಿ ಗುಬ್ಬಿಯ ನಮ್ಮ ಮನೆಯಲ್ಲಿದ್ದರು. ನಾನು, ನನ್ನ ಹೆಂಡತಿ ಕಂಪನಿಯ ಬ್ರಾಂಚಿದ್ದ ಮೈಸೂರಿನಲ್ಲಿದ್ದೆವು. ವಾರಕ್ಕೆ ಮೂರು ದಿನ ಬೀಜದ ಅಂಗಡಿಗಳ ಬಾಗಿಲು ತಿರುಗುವುದು, ಸಂಜೆ ಸಿಕ್ಕಿದ ಲಾಡ್ಜಿನಲ್ಲಿ ಬ್ಯಾಗು ಬಿಸಾಕುವುದು, ಬೆಳಿಗ್ಗೆ ಆರರ ಬಸ್ಸಿಗೆ ಎದ್ದು ಓಡುವುದು. ಇದೇ ನನ್ನ ಕಸುಬಾಗಿತ್ತು.

ಒಂದು ಲಾಡ್ಜ್ ನೋಡಿದರೆ ಎಲ್ಲವನ್ನೂ ನೋಡಿದ ಹಾಗೆ. ಕೆಳಗೆ ಬಾರೋ ಬಟ್ಟೆ ಅಂಗಡಿಯೋ ಇರುತ್ತದೆ, ಅದರ ಪಕ್ಕದಲ್ಲಿ ಒಬ್ಬ ಇಳಿದರೆ ಇನ್ನೊಬ್ಬ ಹತ್ತಲಾಗದ ಮೆಟ್ಟಿಲು. ಹತ್ತಿ ಹೋದರೆ ಒಂದು ಮೇಜು, ಮೇಜಿನ ಹಿಂದೆ ಮ್ಯಾನೇಜರ್ ಎಂಬ ಪ್ರಾಣಿ, ಅವನ ತಲೆಯ ಮೇಲೆ ದೇವರ ಫೋಟೋ, ಊದುಬತ್ತಿ. ಅವನು ತಲೆ ಎತ್ತುವುದಿಲ್ಲ. "ಸಿಂಗಲ್ಲಾ, ಡಬಲ್ಲಾ?" ಎಂದು ರಿಜಿಸ್ಟರನ್ನೇ ಕೇಳುತ್ತಾನೆ. ಬೀಗದ ಕೈಗೆ ಒಂದು ಮರದ ತುಂಡು ಕಟ್ಟಿರುತ್ತಾರೆ, ಅದರಲ್ಲಿ ಚಪಾತಿ ಲಟ್ಟಿಸಬಹುದು. ರೂಮಿನಲ್ಲಿ ದಿಂಬಿನ ಮೇಲೆ ಇಡೀ ಜಿಲ್ಲೆಯವರ ತಲೆಯೆಣ್ಣೆ, ಕನ್ನಡಿಯ ಮೇಲೆ ಯಾವಳೋ ಅಂಟಿಸಿ ಮರೆತು ಹೋದ ಬೊಟ್ಟು, ಹಾಸಿಗೆಯಲ್ಲಿ ತಿಗಣೆ. ಬಚ್ಚಲಲ್ಲಿ ಪ್ಲಾಸ್ಟಿಕ್ ಮಗ್ಗನ್ನು ನಲ್ಲಿಗೆ ಸರಪಳಿ ಹಾಕಿ ಕಟ್ಟಿರುತ್ತಾರೆ. ಥೂ, ಆ ಒಡಕಲು ಮಗ್ಗನ್ನು ಯಾವ ಗತಿಗೆಟ್ಟವನು ಕದಿಯುತ್ತಾನೆ? ಬಿಸಿನೀರು ಐದರಿಂದ ಏಳು ಗಂಟೆ ಎಂದು ಗೋಡೆಯ ಮೇಲೆ ಬರೆದಿರುತ್ತದೆ. ಐದಕ್ಕೆ ಕೇಳಿದರೆ "ಇನ್ನೂ ಕಾದಿಲ್ಲ ಸಾ", ಆರೂವರೆಗೆ ಕೇಳಿದರೆ "ಮುಗ್ದೋಯ್ತು ಸಾ". ಹೀಗೆ ಹೇಳುವವನಿಗೆ ರೂಮ್ ಬಾಯ್ ಎಂದು ಹೆಸರು. ಅವನಿಗೆ ಐವತ್ತೈದು ವರ್ಷ.

ಕುಣಿಗಲ್ಲಿನ ಹೈವೇ ಪಕ್ಕದ ಲಾಡ್ಜುಗಳು ಇನ್ನೂ ಕಡೆ. ಅಲ್ಲಿ ಮಂಚವೂ ಲಾರಿಗಳ ಜೊತೆ ಹಾಸನಕ್ಕೆ ಹೊರಟ ಹಾಗೆ ಅಲುಗುತ್ತಿತ್ತು. ಬೆಳಿಗ್ಗೆ ಎದ್ದರೆ ಬಾಯಲ್ಲಿ ಡೀಸೆಲ್ ರುಚಿ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಬೈಯುತ್ತಾ ಬೈಯುತ್ತಾ ನನಗೊಂದು ಕೊಬ್ಬು ಬಂದುಬಿಟ್ಟಿತ್ತು. ನೆಂಟರಲ್ಲಿ ಯಾರಿಗೆ ರೂಮ್ ಬೇಕಾದರೂ ನನ್ನನ್ನೇ ಕೇಳುತ್ತಿದ್ದರು. ದೇವರಾಯನದುರ್ಗಕ್ಕೆ ಹೊರಟವರು, ಆಸ್ಪತ್ರೆಗೆ ಬಂದವರು, ಎಲ್ಲರಿಗೂ ನಾನೇ ಹೇಳುವುದು. ಯಾವ ಲಾಡ್ಜಿನ ಯಾವ ನಂಬರಿನ ಫ್ಯಾನು ಸದ್ದು ಮಾಡುತ್ತದೆ ಎಂಬುದೂ ನನಗೆ ಬಾಯಿಪಾಠ. "ಲಾಡ್ಜಿನ ವಿಷ್ಯ ನನಗೆ ಹೇಳಿಕೊಡಬೇಡಿ" ಎಂಬುದು ನನ್ನ ಬಾಯಿಚಟವಾಗಿತ್ತು. ಹೆಂಡತಿ ಇದನ್ನು ಕೇಳಿ ಕೇಳಿ ಬೇಸತ್ತಿದ್ದಳು.

ತಂಗಿಯ ಮದುವೆ ಗೊತ್ತಾದದ್ದು ಆ ದಿನಗಳಲ್ಲೇ. ನನಗೂ ಅವಳಿಗೂ ಹನ್ನೊಂದು ವರ್ಷ ಅಂತರ. ಗುಬ್ಬಿಯ ಬೀದಿಗಳಲ್ಲಿ ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದವನು ನಾನು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಕೊನೆಯ ದಿನಗಳಲ್ಲಿ ಅವರು ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದರು. "ಅವ್ಳ ಧಾರೇನ ನೀನೂ ನಿನ್ ಹೆಂಡ್ತೀನೂ ನಿಂತ್ಕೊಂಡು ಎರೀಬೇಕು ಕಣೋ. ನಿಮ್ಮ ಚಿಕ್ಕಪ್ಪನ ಕೈಲಿ ಮಾತ್ರ ಬ್ಯಾಡ." ಅಪ್ಪನಿಗೂ ಚಿಕ್ಕಪ್ಪನಿಗೂ ಒಂದು ಹುಣಸೇಮರದ ವಿಷಯಕ್ಕೆ ಹದಿನೈದು ವರ್ಷ ಮಾತಿರಲಿಲ್ಲ. ಆಯ್ತಪ್ಪ ಎಂದು ಮಾತು ಕೊಟ್ಟಿದ್ದೆ. ಮದುವೆ ಗೊತ್ತಾದ ದಿನ ತಂಗಿಯೂ ಹೇಳಿದಳು. "ಅಣ್ಣ, ನಂಗೆ ಒಡವೆ ಪಡವೆ ಏನೂ ಬೇಡ. ಅಪ್ಪ ನಿಲ್ಬೇಕಾದ ಜಾಗದಲ್ಲಿ ನೀನಿದ್ರೆ ಸಾಕು." ನನ್ನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಛತ್ರದ ಮಾತು ತೆಗೆದೆ.

ಗುಬ್ಬಿಯಲ್ಲೇ ಮದುವೆ ಮಾಡೋಣ ಎಂದು ಅಮ್ಮ ಅಂದರು. ತುಮಕೂರಿನ ಛತ್ರವೇ ಆಗಬೇಕು ಎಂದು ನಾನು ಹಟ ಹಿಡಿದೆ. ಗಂಡಿನ ಕಡೆಯವರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯವರು, ಬೇಸಾಯದ ಜನ. ಹುಡುಗ ಹೈಸ್ಕೂಲ್ ಮೇಷ್ಟ್ರು. ಹಿಂದಿನ ಸಂಜೆ ವರಪೂಜೆ, ಮಾರನೆಯ ದಿನ ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆಯೊಳಗೆ ಧಾರೆ. ಹಾಗಾಗಿ ಅವರು ಒಂದು ರಾತ್ರಿ ತುಮಕೂರಿನಲ್ಲಿ ಉಳಿಯಲೇಬೇಕಿತ್ತು. ಮಾತುಕತೆಗೆ ಬಂದಾಗ ಹುಡುಗನ ತಾಯಿ, ನನಗೆ ಬೀಗಿತ್ತಿ, ಎಲೆಗೆ ಸುಣ್ಣ ಹಚ್ಚುತ್ತಾ ಅಂದರು.

"ನಮ್ಗ್ಯಾಕೆ ಬೀಗ್ರೇ ಲಾಡ್ಜು ಗೀಡ್ಜು? ಛತ್ರದಾಗೆ ನಾಕ್ ಚಾಪೆ ಹಾಸ್ಕೊಟ್ರೆ ಸಾಕು. ಒಂದ್ ರಾತ್ರಿ ಏನ್ ಮಹಾ."

ನನ್ನ ಮೈ ಉರಿದುಹೋಯಿತು. ಹಳ್ಳಿಯವರ ಬುದ್ಧಿಯೇ ಇಷ್ಟು ಎಂದುಕೊಂಡೆ. ನಾಳೆ ಇವರೇ ಊರಿಗೆ ಹೋಗಿ, ಹೆಣ್ಣಿನ ಕಡೆಯವರು ನಮ್ಮನ್ನು ಜಮಖಾನದ ಮೇಲೆ ಉರುಳಿಸಿದರು ಎಂದು ಡಂಗುರ ಹೊಡೆಯುತ್ತಾರೆ. "ಬೀಗರನ್ನ ಹಾಲ್‌ನಲ್ಲಿ ಮಲಗಿಸೋ ಮನೆತನ ನಮ್ಮದಲ್ಲಮ್ಮ. ಐದು ರೂಮ್ ಹಿಡೀತೀನಿ, ಎಲ್ಲಾ ಅಟ್ಯಾಚ್ಡ್" ಎಂದೆ. ಆಕೆ ಎಲೆ ಮಡಿಸಿ ಬಾಯಿಗಿಟ್ಟುಕೊಂಡರು.

ಛತ್ರದಿಂದ ಆಟೋದಲ್ಲಿ ಐದು ನಿಮಿಷದ ದಾರಿಯಲ್ಲಿದ್ದ ಲಾಡ್ಜನ್ನು ಆರಿಸಿದೆ. ಕೊಳಕರಲ್ಲಿ ಅದೇ ಸ್ವಲ್ಪ ಸ್ನಾನ ಮಾಡಿದ್ದು. ವರಪೂಜೆಯ ದಿನ ಬೀಗರು ಬರುವುದು ಸಂಜೆ ನಾಲ್ಕಕ್ಕೆ. ನಾನು ಮಾತ್ರ ಬೆಳಿಗ್ಗೆ ಎಂಟಕ್ಕೇ ಹೋಗಿ ರಿಜಿಸ್ಟರಿನಲ್ಲಿ ಸಮಯ ಬರೆದು, ದೊಡ್ಡದಾಗಿ ಸಹಿ ಎಳೆದು ಐದು ಕೀ ಇಸಿದುಕೊಂಡೆ. ಈ ಕಳ್ಳರನ್ನು ನಂಬಿ ಬೀಗರನ್ನು ಕಳಿಸುವುದುಂಟೆ? ಮನೆಯಿಂದ ಒಗೆದ ದಿಂಬಿನ ಚೀಲ, ಹೊದಿಕೆ, ಹೊಸ ಸೋಪು, ಫಿನಾಯಿಲ್ ತಂದಿದ್ದೆ. ರೂಮ್ ಬಾಯ್ ಎಂಬ ಆ ಮುದುಕನ ಪಕ್ಕದಲ್ಲಿ ನಿಂತು ಐದೂ ಬಚ್ಚಲನ್ನು ಉಜ್ಜಿಸಿದೆ. ಕನ್ನಡಿಯ ಮೇಲಿನ ಬೊಟ್ಟುಗಳನ್ನು ನಾನೇ ಉಗುರಿನಿಂದ ಕೆರೆದು ತೆಗೆದೆ. "ಇಷ್ಟು ನಾಜೂಕು ಯಾರೂ ಮಾಡಾಕಿಲ್ಲ ಬುಡಿ ಸಾ" ಎಂದು ಅವನು ಗೊಣಗಿದ. ಅದನ್ನು ಹೊಗಳಿಕೆ ಎಂದೇ ತಗೊಂಡೆ.

ಸಂಜೆ ವರಪೂಜೆ ಮುಗಿಸಿ ಅವರನ್ನು ಲಾಡ್ಜಿಗೆ ಬಿಟ್ಟಾಗ, ವರಾಂಡದಲ್ಲೇ ಎಲ್ಲರನ್ನೂ ನಿಲ್ಲಿಸಿಕೊಂಡು ಒಂದು ಭಾಷಣ ಬಿಗಿದೆ. "ನೋಡಿ, ಈ ಲಾಡ್ಜಿನವರನ್ನ ನಂಬೋ ಹಾಗಿಲ್ಲ. ಇವರ ಹತ್ರ ಡೂಪ್ಲಿಕೇಟ್ ಕೀ ಇರುತ್ತೆ. ನೀವು ಆ ಕಡೆ ಹೋದ್ರೆ ಇವರು ಈ ಕಡೆ ಬಾಗಿಲು ತೆಗೀತಾರೆ. ಒಡವೆ ಗಿಡವೆ ಹುಷಾರು." ಬೀಗಿತ್ತಿ ತಲೆಯ ಮೇಲೆ ಸೆರಗು ಹೊದ್ದು, ಮಗ್ಗಿ ಕಲಿಯುವವರ ಹಾಗೆ ಕೇಳಿಸಿಕೊಂಡು "ಆಯ್ತು ಬೀಗ್ರೇ" ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡು ನಾನು ಛತ್ರಕ್ಕೆ ಬಂದೆ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆಲ್ಲ ಗಂಡಿನ ಕಡೆಯವರು ರೂಮುಗಳಿಗೆ ಬೀಗ ಹಾಕಿಕೊಂಡು ಛತ್ರಕ್ಕೆ ಬಂದರು. ತಿಂಡಿ ಆಯಿತು. ಅಮ್ಮನ ಮಾತಿಗೆ ಕರೆದಿದ್ದ ಚಿಕ್ಕಪ್ಪ, ಚಿಕ್ಕಮ್ಮನೂ ಬಂದು ಕೂತಿದ್ದರು. ನಾನು ಹೊಸ ಪಂಚೆ, ಶಲ್ಯದಲ್ಲಿದ್ದೆ. ಎಂಟೂ ಮುಕ್ಕಾಲಿರಬಹುದು. ಹುಡುಗನ ಭಾವ, ಅಂದರೆ ಅವನ ಅಕ್ಕನ ಗಂಡ, ಕ್ಯಾಮೆರಾ ಮರೆತೆನೆಂದು ಲಾಡ್ಜಿಗೆ ಹೋಗಿದ್ದವನು ಏದುಸಿರು ಬಿಡುತ್ತಾ ಬಂದ.

"ಸಾರ್, ನಮ್ ರೂಮ್ನಾಗೆ ಬೇರೆ ಯಾರೋ ಅವ್ರೆ! ಬಾಗ್ಲು ತಗೀತಿಲ್ಲ. ಲಗೇಜೆಲ್ಲಾ ಒಳ್ಗೇ ಐತೆ!"

"ತಾಳಿ ಎಲ್ಲಿದೆ?" ಎಂದೆ.

"ಅತ್ತೆ ಸೂಟ್‌ಕೇಸ್ನಾಗೆ. ನಿನ್ನೆ ನಾನೇ ಇಟ್ಟಿವ್ನಿ."

ನಮ್ಮ ಕಡೆ ಮಾಂಗಲ್ಯ ತರುವುದು ಗಂಡಿನವರು. ಮುಹೂರ್ತಕ್ಕೆ ಉಳಿದದ್ದು ಕಾಲು ಗಂಟೆ. ಹೆಂಡತಿ ನನ್ನ ಶಲ್ಯ ಹಿಡಿದು ಎಳೆದಳು. "ಮೊದ್ಲು ಅವರ ತಾಯೀನ ಒಂದು ಮಾತು ಕೇಳ್ರೀ. ಒಳಗೆ ಹೂವಿನ ಹತ್ರ ಇದಾರೆ."

"ಆ ಹಳ್ಳಿ ಹೆಂಗಸಿನ ಹತ್ರ ರಾಮಾಯಣ ಕೇಳೋಕೆ ಟೈಮಿಲ್ಲ ಕಣೇ" ಎಂದೆ.

"ಹಾಗಾದ್ರೆ ಬೇರೆ ಯಾರನ್ನಾದ್ರೂ ಕಳಿಸಿ. ನೀವು ಹೋದ್ರೆ ಧಾರೆಗೆ ಯಾರು?"

"ಲಾಡ್ಜಿನ ವಿಷ್ಯ ನನಗೆ ಹೇಳಿಕೊಡಬೇಡ. ಆ ಕಳ್ಳರ ಹತ್ರ ಮಾತಾಡೋಕೆ ನಾನೇ ಆಗ್ಬೇಕು. ಬಂದೆ." ಆಟೋ ಹತ್ತಿದೆ.

ಮ್ಯಾನೇಜರ್ ಊದುಬತ್ತಿ ಹಚ್ಚುತ್ತಿದ್ದ. ನಾನು ಮೇಜು ಗುದ್ದಿದೆ. ಅವನು ನಿಧಾನವಾಗಿ ರಿಜಿಸ್ಟರ್ ತಿರುಗಿಸಿ, ನನ್ನ ಸಹಿಯ ಮೇಲೆ ಬೆರಳಿಟ್ಟ.

"ಟ್ವೆಂಟಿಫೋರ್ ಅವರ್ಸ್ ಸಾರ್. ನಿನ್ನೆ ಎಂಟಕ್ಕೆ ತಗೊಂಡ್ರಿ, ಇವತ್ತು ಎಂಟಕ್ಕೆ ಮುಗೀತು. ಲಗ್ನದ ಸೀಸನ್ನು. ಇನ್ನೊಂದು ಪಾರ್ಟಿ ಏಳಕ್ಕೇ ಬಂದು ಕಾಯ್ತಾ ಕೂತಿತ್ತು. ನಿಮ್ಮ ಲಗೇಜೆಲ್ಲಾ ಹುಷಾರಾಗಿ ಮಂಚದ ಕೆಳಗೆ ತಳ್ಳಿಸಿದೀನಿ."

"ಮುಂಚೆ ಒಂದು ಮಾತು ಹೇಳೋಕೇನಾಗಿತ್ತಯ್ಯ ನಿನಗೆ?"

"ನೀವು ಹಳಬರು ಸಾರ್. ನಿಮಗೇ ಹೇಳಿಕೊಡೋದಾ?"

ದೇವರ ಫೋಟೋದ ಮೇಲೆ, ಕೆಂಪು ಬಣ್ಣದಲ್ಲಿ, ಇಪ್ಪತ್ನಾಲ್ಕು ಗಂಟೆಗೆ ರೂಮ್ ಖಾಲಿ ಮಾಡಬೇಕು ಎಂದು ಬರೆದಿತ್ತು. ವರ್ಷಗಟ್ಟಲೆ ಆ ಬೋರ್ಡಿನ ಕೆಳಗೇ ನಿಂತು ಸಹಿ ಹಾಕಿದ್ದೇನೆ. ಸಂಜೆ ಬಂದು ಬೆಳಿಗ್ಗೆ ಆರಕ್ಕೆ ಓಡುತ್ತಿದ್ದವನಿಗೆ ಅದು ಯಾವತ್ತೂ ಅಡ್ಡ ಬಂದಿರಲಿಲ್ಲ. ಲಾಡ್ಜಿನ ಎಲ್ಲಾ ಹೊಲಸನ್ನೂ ಬಲ್ಲವನಿಗೆ ಅದರ ಒಂದೇ ಒಂದು ಕಾನೂನು ಗೊತ್ತಿರಲಿಲ್ಲ. ನಾಲ್ಕಕ್ಕೆ ಕೀ ತಗೊಂಡಿದ್ದರೆ ಮದುವೆ ಊಟ ಮುಗಿಯುವ ತನಕ ರೂಮು ನಮ್ಮದೇ ಇರುತ್ತಿತ್ತು.

ಮೇಲೆ ಹೋಗಿ ಬೀಗಿತ್ತಿಯ ರೂಮಿನ ಬಾಗಿಲು ಬಡಿದೆ. ಒಳಗೆ ನೀರು ಸುರಿದುಕೊಳ್ಳುವ ಸದ್ದು. ಆಮೇಲೆ ಒಂದು ಮುದಿ ಹೆಂಗಸಿನ ದನಿ.

"ಯಾರ್ಲಾ ಅದು?"

"ನೋಡಮ್ಮ, ಈ ರೂಮಲ್ಲಿ ನಮ್ಮ ಲಗೇಜ್ ಇದೆ. ಬೇಗ ಬಾಗಿಲು ತೆಗಿ."

"ತಲೆಗೆ ಸೀಗೆಪುಡಿ ಹಾಕ್ಕಂಡಿವ್ನಿ. ನಮ್ ಹುಡುಗ್ರು ಕಾಫಿ ಕುಡ್ಯಾಕೆ ಹೋಗವ್ರೆ, ಬತ್ತಾರೆ. ಅಲ್ಲಿಗಂಟ ಯಾರು ಬಡುದ್ರೂ ತಗೀಬ್ಯಾಡ ಅಂದವ್ರೆ. ಲಾಡ್ಜ್ನೋರು ಕಳ್ರಂತೆ. ಹೋಗು, ಹೋಗು."

ಲಾಡ್ಜಿನವರು ಕಳ್ಳರು ಎಂದು ಈ ಮುದುಕಿಗೆ ಹೇಳಿಕೊಟ್ಟ ಮಹಾನುಭಾವ ಯಾರೋ! ನನ್ನಂಥವನೇ ಇನ್ನೊಬ್ಬ ಇರಬೇಕು. ಮತ್ತೆ ಬಡಿದೆ, ಗದರಿದೆ, ಪೊಲೀಸರನ್ನು ಕರೆಸುತ್ತೇನೆ ಎಂದೆ. ಒಳಗಿನಿಂದ ಚೊಂಬಿನ ಸದ್ದು ಮಾತ್ರ. ಆಗ ಆ ರೂಮ್ ಬಾಯ್ ಮುದುಕ ಮೆಟ್ಟಿಲು ಹತ್ತಿ ಬಂದ.

"ಸಾ, ಛತ್ರದಿಂದ ಫೋನು. ನಿಮ್ ಮನೆಯೋರು. ನಿಮ್ಮನ್ನೇ ಕರೀಬೇಕಂತೆ, ಅರ್ಜೆಂಟಂತೆ."

"ಅರ್ಜೆಂಟು ಅಂತ ನಂಗೆ ಗೊತ್ತಿಲ್ವೇನಯ್ಯ? ತಗೊಂಡು ಬರ್ತಾ ಇದಾರೆ ಅಂತ ಹೇಳು ಹೋಗು."

"ಒಂದ್ಸಲ ಬಂದು ಮಾತಾಡಿ ಅಂತಾವ್ರೆ ಸಾ."

"ಹೇಳಿದಷ್ಟು ಮಾಡಯ್ಯ!"

ಅವನು ಇಳಿದು ಹೋದ. ನನ್ನ ಗಡಿಯಾರದಲ್ಲಿ ಒಂಬತ್ತೂ ಹತ್ತು. ಇಷ್ಟು ಹೊತ್ತಿಗೆ ನನ್ನ ಜಂಬವೆಲ್ಲ ಇಳಿದಿತ್ತು. ಬಾಗಿಲಿಗೆ ಹಣೆ ಹಚ್ಚಿದೆ. ಅದಕ್ಕೆ ಎಷ್ಟು ಜನರ ಕೈ ಎಣ್ಣೆ ಮೆತ್ತಿತ್ತೋ, ನೋಡುವ ಪುರುಸೊತ್ತೂ ಇರಲಿಲ್ಲ. "ಅಜ್ಜೀ, ನಿನ್ನ ಕಾಲಿಗೆ ಬೀಳ್ತೀನಿ. ನನ್ನ ತಂಗಿ ತಾಳಿ ಆ ಸೂಟ್‌ಕೇಸಲ್ಲಿದೆ. ಮುಹೂರ್ತ ಮೀರ್ತಾ ಇದೆ" ಎಂದೆ. ದನಿ ಒಡೆದುಹೋಯಿತು.

ಒಳಗೆ ಚೊಂಬು ಬಿದ್ದ ಸದ್ದು. ಅಗುಳಿ ಸರಿಯಿತು. ಒದ್ದೆ ಸೀರೆ ಮೈಗೆ ಸುತ್ತಿಕೊಂಡು, ತಲೆಯಿಂದ ಸೀಗೆನೀರು ಸುರಿಸುತ್ತಾ ಒಬ್ಬ ಅಜ್ಜಿ ನಿಂತಿತ್ತು. ಒಂದು ಕಣ್ಣು ಉರಿಗೆ ಮುಚ್ಚಿಹೋಗಿತ್ತು.

"ತಾಳಿ ಅಂತ ಮೊದ್ಲೇ ಬೊಗಳಾಕೆ ಏನಾಗಿತ್ಲಾ ನಿಂಗೆ? ಆವಾಗ್ಲಿಂದ ಲಗೇಜು, ಪೋಲೀಸು ಅಂತ ಬಡ್ಕತಾ ಇದೀಯ! ತಗಂಡೋಗು, ಓಡು!" ಅಜ್ಜಿಯೇ ಬಗ್ಗಿ ಮಂಚದ ಕೆಳಗಿಂದ ಸೂಟ್‌ಕೇಸ್ ಎಳೆದು ಕೊಟ್ಟಿತು. ಅದಕ್ಕೆ ಬೀಗ ಹಾಕಿತ್ತು. ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಇಳಿದೆ.

ಕೆಳಗೆ ಮ್ಯಾನೇಜರ್ ಅಡ್ಡ ನಿಂತಿದ್ದ. "ಖಾಲಿ ಮಾಡಿದ ಟೈಮ್ ಹಾಕಿ ಒಂದು ಸೈನ್ ಮಾಡಿ ಹೋಗಿ ಸಾರ್. ಲಗೇಜ್ ಹೋಗೋವಾಗ ಸೈನ್ ಬೇಕೇ ಬೇಕು." ಅವನನ್ನು ಅಲ್ಲೇ ನುಂಗಿಬಿಡಬೇಕು ಎನಿಸಿತು. ಜಗಳಕ್ಕೆ ಹೊತ್ತಿರಲಿಲ್ಲ. ಒಂಬತ್ತೂ ಇಪ್ಪತ್ತು ಎಂದು ಬರೆದು, ಸಹಿ ಗೀಚಿ ಓಡಿದೆ.

ಛತ್ರದ ತಿರುವಿಗೆ ಆಟೋ ಬರುವಾಗ ಗಟ್ಟಿಮೇಳ ಕೇಳಿಸಿತು. ಮೂರ್ಖರು ಎಂದುಕೊಂಡೆ. ತಾಳಿ ನನ್ನ ತೊಡೆಯ ಮೇಲಿದೆ, ಇವರು ಯಾವ ಸಂಭ್ರಮಕ್ಕೆ ಓಲಗ ಊದಿಸುತ್ತಿದ್ದಾರೆ? ಕೊನೆಯ ಗಳಿಗೆಯವರೆಗೂ ನನಗೆ ಬೇರೆಯವರೇ ಮೂರ್ಖರಾಗಿ ಕಂಡರು, ನೋಡಿ.

ಸೂಟ್‌ಕೇಸ್ ಹೊತ್ತು ಮಂಟಪದ ಮುಂದೆ ಹೋಗಿ ನಿಂತೆ. ತಂಗಿಯ ಕೊರಳಲ್ಲಿ ತಾಳಿ ಇತ್ತು. ಅವಳ ತಲೆಯ ಮೇಲೆ ಅಕ್ಷತೆ ಬಿದ್ದಿತ್ತು. ನಾನು ನಿಲ್ಲಬೇಕಾದ ಜಾಗದಲ್ಲಿ ಚಿಕ್ಕಪ್ಪ ನಿಂತಿದ್ದ, ಪಕ್ಕದಲ್ಲಿ ಚಿಕ್ಕಮ್ಮ. ಅವನ ಎರಡೂ ಕೈಯಿಂದ ಧಾರೆಯ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು. ನನ್ನ ಹೆಂಡತಿ ಕಂಬದ ಹತ್ತಿರ, ಧಾರೆಗೆಂದೇ ಉಟ್ಟಿದ್ದ ರೇಷ್ಮೆ ಸೀರೆಯ ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಬೀಗಿತ್ತಿ ಓಡಿ ಬಂದು ನನ್ನ ಹೆಗಲಿಂದ ಸೂಟ್‌ಕೇಸ್ ಇಳಿಸಿಕೊಂಡರು. "ಅಯ್ಯೋ ಬೀಗ್ರೇ, ಇದನ್ಯಾಕೆ ಹೊತ್ಕೊಂಡ್ ಬಂದ್ರಿ? ಇದ್ರಾಗೆ ನಮ್ ಹಳೇ ಸೀರೆ, ಹೊದ್ಕೆ ಅವೆ. ತಾಳಿ ನನ್ ಸೊಂಟದಾಗೇ ಇತ್ತು." ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ತೋರಿಸಿದರು. "ನಿನ್ನೆ ನೀವೇ ಹೇಳುದ್ರಲ್ಲ, ಲಾಡ್ಜ್ನೋರ ತಾವ ಇನ್ನೊಂದ್ ಕೀ ಇರ್ತೈತೆ, ಒಡವೆ ಬುಡಬ್ಯಾಡಿ ಅಂತ. ಅದ್ಕೇ ಅಳಿಯ ಇಟ್ಟಿದ್ದನ್ನ ತಗುದು ಇದ್ರಾಗ್ ಹಾಕ್ಕಂಡೆ. ಫೋನ್ ಮಾಡ್ಸುದ್ವಿ, ನೀವು ಬರ್ನೇ ಇಲ್ಲ. ಅಯ್ನೋರು ಮುಹೂರ್ತ ಮೀರ್ತೈತೆ ಅಂದ್ಬುಟ್ರು."

ಇಡೀ ಗುಂಪಿನಲ್ಲಿ ನನ್ನ ಮಾತು ಕೇಳಿದವರು ಆಕೆ ಒಬ್ಬರೇ. ಅವರನ್ನೇ ನಾನು ಕೋಣ ಎಂದುಕೊಂಡಿದ್ದೆ.

ಊಟದ ಹೊತ್ತಿನಲ್ಲಿ ಹೆಂಡತಿ ಬಾಯಿಬಿಟ್ಟಳು. "ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಬೀಳೋದು ಬಿದ್ರಿ, ನನ್ನನ್ನೂ ಯಾಕೆ ಕೆಡವಿದ್ರಿ?" ಆಮೇಲೆ ಎರಡು ದಿನ ಮಾತಿಲ್ಲ. ಚಿಕ್ಕಪ್ಪ ಮಾತ್ರ ಹೆಗಲ ಮೇಲೆ ಕೈಯಿಟ್ಟು "ಆಗೋಯ್ತು ಬುಡ್ಲಾ, ಯಾರೆರುದ್ರೇನು, ಮಗು ಚೆನ್ನಾಗಿರ್ಲಿ" ಅಂದ. ಅಪ್ಪನ ಕೊನೆಯ ಮಾತು ಅವನಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಸಂಜೆ ವ್ಯಾನ್ ಹತ್ತುವ ಮುಂಚೆ ತಂಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ತಲೆಯ ಮೇಲೆ ಕೈಯಿಟ್ಟೆ.

ಎರಡು ಸಾವಿರದ ಇಸವಿಯ ಹೊತ್ತಿಗೆ ನಾನು ಆ ಕೆಲಸ ಬಿಟ್ಟೆ. ಆ ಲಾಡ್ಜನ್ನು ಒಡೆದು ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟಿದರು. ಹೈವೇ ಉದ್ದಕ್ಕೂ ಮೋಟೆಲುಗಳೆಂಬ ಹೊಸ ಜಾತಿ ಹುಟ್ಟಿಕೊಂಡಿತು. ಮುಂದೆ ಸಿಮೆಂಟಿನ ಜಿಂಕೆ, ಬಾಗಿಲಲ್ಲಿ ಪೇಟ ಕಟ್ಟಿಸಿಕೊಂಡು ಸಲಾಮು ಹೊಡೆಯುವ ಪಾಪದವನು, ಒಳಗೆ ಅದೇ ತಿಗಣೆ. ಮಗ್ಗಿನ ಸರಪಳಿ ಮಾತ್ರ ಇಲ್ಲ. ಬೈಯುವುದನ್ನು ನಾನೇನೂ ಬಿಟ್ಟಿಲ್ಲ. ಆದರೆ ಈಗ ಬೋರ್ಡಿನ ಪ್ರತಿ ಅಕ್ಷರವನ್ನೂ ಓದಿಕೊಂಡು ಬೈಯುತ್ತೇನೆ.

ಒಮ್ಮೆ ಕೊತ್ತಗೆರೆ ಕಡೆಯ ತಂಗಿಯ ಮನೆಗೆ ಹೋಗಿದ್ದೆ. ಬೀಗಿತ್ತಿ ಹಜಾರದಲ್ಲಿ ಚಾಪೆ ಹಾಸಿದ್ದರು. ತಂಗಿಯ ಮಗಳು, ಆರೇಳು ವರ್ಷದವಳು, ಮದುವೆಯ ಆಲ್ಬಮ್ ತಂದು ನನ್ನ ತೊಡೆಯ ಮೇಲೆ ಹರಡಿದಳು. ಎಲ್ಲರ ಹೆಸರನ್ನೂ ಹೇಳುತ್ತಾ ಧಾರೆಯ ಫೋಟೋಕ್ಕೆ ಬಂದಳು. ಚಿಕ್ಕಪ್ಪನ ಕೈ, ಹಾಲು, ತೆಂಗಿನಕಾಯಿ, ತಂಗಿಯ ತಗ್ಗಿದ ಮುಖ.

"ಮಾವ, ಇದ್ರಲ್ಲಿ ನೀನೆಲ್ಲಿ?"

ಕಾಫಿ ಹಿಡಿದು ಬಂದ ತಂಗಿ ಲೋಟವನ್ನು ನನ್ನ ಮುಂದಿಟ್ಟು, ಪುಟ ತಿರುಗಿಸಿದಳು.

"ನಿನ್ ಮಾವ ಲಾಡ್ಜಲ್ಲಿದ್ರು ಕಣೇ" ಅಂದಳು.